ಸೊಸೆ ಹಿಡಿದ ನೆರಳು

ಸೊಸೆ ದೂರದ ನಕ್ಷತ್ರವೊಂದರ ಸುತ್ತ ಹೊಸ ಗ್ರಹ ಪತ್ತೆ ಮಾಡಿದ್ದಾಳೆಂದು ಅತ್ತೆ ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

"ಅಯ್ಯೋ ಅತ್ತೆ, ಅದಿನ್ನೂ ಗಟ್ಟಿಯಾಗಿಲ್ಲ!" ಸೊಸೆ ತಲೆ ಚಚ್ಚಿಕೊಂಡಳು. "ಆ ನಕ್ಷತ್ರ ನಮ್ಮ ಸೂರ್ಯನ ಥರದ್ದೇ. ಗ್ರಹ ಮುಂದೆ ಹಾದುಹೋದಾಗ ಅದರ ಬೆಳಕು ಒಂಚೂರು ಮಂಕಾಗುತ್ತೆ. ಎರಡು ಸಲ ಹಾಗಾಗಿದೆ. ಇವತ್ತು ನಾನು ಲೆಕ್ಕ ಹಾಕಿದ ಹೊತ್ತಿಗೆ ಮೂರನೇ ಸಲ ಆಗಲಿಲ್ಲ ಅಂದ್ರೆ ನನ್ನ ಕೆಲಸವೆಲ್ಲ ಮಣ್ಣುಪಾಲು."

ಅತ್ತೆ ಕಿಟಕಿಯಾಚೆ ಇಣುಕಿದಳು. ಎದುರುಮನೆಯ ದರ್ಜಿಯ ಬಾಯಿ ಊರಗಲ. ಏಳೇಳು ಜನ್ಮ ಆಡಿಕೊಂಡು ನಗುತ್ತಾಳೆ!

ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತರು. ದೂರದರ್ಶಕ ಅಳೆದ ಬೆಳಕು ಪರದೆಯ ಮೇಲೆ ಚುಕ್ಕಿಚುಕ್ಕಿಯಾಗಿ ಗೆರೆಯಾಗುತ್ತ ಹೋಯಿತು. ಗೆರೆ ಇಸ್ತ್ರಿ ಹಾಕಿದಷ್ಟು ಮಟ್ಟಸವಾಗಿತ್ತು. ಅತ್ತೆಯ ಕೈಲಿದ್ದ ಚಹಾ ಆರಿ ಮಂಜುಗಡ್ಡೆಯಾಯಿತು.

"ಬಂತು!" ಸೊಸೆ ಚೀರಿದಳು. ಗೆರೆ ತುಸು ತಗ್ಗಿ, ಮತ್ತೆ ಮೇಲೆದ್ದಿತ್ತು.

"ಇಷ್ಟೇನಾ? ಇರುವೆ ಕಚ್ಚಿದ ಹಾಗಿದೆಯಲ್ಲೇ!"

"ಇಷ್ಟೇ ಅತ್ತೆ. ಆ ಇರುವೆಯೇ ಒಂದು ಇಡೀ ಲೋಕ."

ಅತ್ತೆ ಅವಳನ್ನೇ ದಿಟ್ಟಿಸಿದಳು. ತಾನೋ, ಹಣೆಯ ಮೇಲಿರುವ ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡುವವಳು. ಈ ಹುಡುಗಿ ಕಾಣದ ಲೋಕವನ್ನು ಬರೀ ನೆರಳಿನಿಂದಲೇ ಹಿಡಿದಳಲ್ಲ!

ಬಾಗಿಲಿಗೆ ಓಡಿದವಳೇ ಕೂಗಿದಳು: "ಏ ದರ್ಜಿ, ಗ್ರಹ ಸಿಕ್ತು ಕಣೇ!"

"ಕಣ್ಣಾರೆ ನೋಡಿದ್ರಾ?"

"ನೋಡಿ ಹೇಳೋಕೆ ನೀನೇ ಸಾಕು. ನನ್ನ ಸೊಸೆ ನೋಡದೇ ಹೇಳಿದ್ಲು, ಅವಳು ಹೇಳಿದ ಹೊತ್ತಿಗೆ ಸರಿಯಾಗಿ ಗ್ರಹ ಬಂತು. ನಾಳೆ, ನಾಳೆ ಅಂತಿದ್ದೀಯಲ್ಲ, ನನ್ನ ರವಿಕೆ ಎಲ್ಲೇ?"