ಗಂಗಮ್ಮನ ತೆಪ್ಪ

ನಮ್ಮಪ್ಪ ಕೊಂಡಪ್ಪ, ಕುಂದಾಣ ಹೋಬಳಿಯ ನಮ್ಮೂರ ಕೆರೆಗೆ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಎರಡನೇ ಮಹಾಯುದ್ಧದ ಕಾಲದಲ್ಲಿ ನೀರಿನ ಮೇಲೇ ಇಳಿದು ನೀರಿನಿಂದಲೇ ಏಳುವ ಬ್ರಿಟಿಷರ ವಿಮಾನಗಳು ಆ ಕೆರೆಗೆ ಬರುತ್ತಿದ್ದವು. ಅವು ಏಳುವ ಮುಂಚೆ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿ, ದಾರಿಯಲ್ಲಿ ಏನೂ ತೇಲುತ್ತಿಲ್ಲವೆಂದು ನೋಡಿ ಬಾವುಟ ತೋರಿಸುವ ಕೆಲಸವೂ ಅಪ್ಪನ ತಲೆಗೇ ಬಿತ್ತು.

ಒಂದು ಬೆಳಿಗ್ಗೆ ವಿಮಾನ ಏಳುತ್ತಿದ್ದಂತೆಯೇ ಅಡಿ ಒಡೆದು ಮುಳುಗಿತು. ನಾಲ್ವರು ಸತ್ತರು. ಪೈಲಟ್ ಕುಡಿದಿದ್ದ ಎಂದು ಬರೆದು ವಿಚಾರಣೆಯವರು ಕೈತೊಳೆದುಕೊಂಡರು.

ಕುಡಿದಿರಲಿಲ್ಲ. ಕೆರೆ ತುಂಬಿ ಕೋಡಿ ಬಿತ್ತೆಂದು ಹಿಂದಿನ ಸಂಜೆ ಊರವರು ಗಂಗಮ್ಮನಿಗೆ ತೆಪ್ಪ ಬಿಟ್ಟಿದ್ದರು. ಬಿದಿರಿಗೆ ಬಾಳೆದಿಂಡು ಬಿಗಿದು, ಮೇಲೊಂದು ದೀಪ. ಬಿಟ್ಟ ತೆಪ್ಪ ತಾನಾಗಿ ಮುಳುಗಬೇಕು, ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ಅಪ್ಪ ಅದನ್ನು ವಿಮಾನದ ದಾರಿಯಲ್ಲೇ ಕಂಡ, ಕೈಮುಗಿದ, ಬಾವುಟ ತೋರಿಸಿದ. ತಾಯಿ ಪಕ್ಕಕ್ಕೆ ಸರಿಯುತ್ತಾಳೆ ಅಂದುಕೊಂಡನಂತೆ. ವಿಮಾನ ಆ ತೆಪ್ಪಕ್ಕೇ ಬಡಿಯಿತು. ಸಾಯುವ ಮುಂಚೆ ನನ್ನೊಬ್ಬನಿಗೆ ಹೇಳಿದ.

ಮೂರು ವರ್ಷದ ಹಿಂದೆ ಆ ಪೈಲಟ್‌ನ ಮಗ ಇಂಗ್ಲೆಂಡಿನಿಂದ ಕಾಗದ ಬರೆದರು. ‘ನನಗೆ ಎಂಬತ್ತೆರಡು, ಕುಡುಕನ ಮಗ ಅನ್ನಿಸಿಕೊಂಡೇ ಬದುಕಿದೆ, ವಿಚಾರಣೆಯ ಕಾಗದದಲ್ಲಿ ನಿಮ್ಮ ತಂದೆಯ ಹೆಸರಿದೆ, ಅವರು ಏನಾದರೂ ಹೇಳಿದ್ದರೆ ತಿಳಿಸಿ’ ಎಂದು. ಮೊಮ್ಮಗಳು ಬಿಂದುಶ್ರೀ ಓದಿ ಹೇಳಿದಳು. ಕೆರೆ ಕಾಯ್ದವನೆಂದು ಊರವರು ಏರಿಯ ಮೇಲೆ ಅಪ್ಪನ ಹೆಸರಿನ ಕಲ್ಲು ನಿಲ್ಲಿಸಿ ಆಗ ವರ್ಷವೂ ಆಗಿರಲಿಲ್ಲ. ನಮಗೇನೂ ಗೊತ್ತಿಲ್ಲ ಅಂತ ಬರೆಸಿಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ಭಾನುವಾರ ಆ ಕಾಗದ ಬರೆದವರ ಮಗಳು ಬಂದಳು. ದೇವನಹಳ್ಳಿಯಲ್ಲಿ ವಿಮಾನ ಇಳಿದು ನೇರ ನಮ್ಮನೆಗೆ. ಏನೂ ಕೇಳಲಿಲ್ಲ, ಕೆರೆ ತೋರಿಸಿ ಅಂದಳಷ್ಟೆ. ಏರಿಯ ಮೇಲೆ ನಿಂತು ನೀರಿಗೆ ಒಂದಷ್ಟು ಹೂ ಬಿಟ್ಟಳು. ಉಳಿದ ಒಂದನ್ನು ಅಪ್ಪನ ಕಲ್ಲಿನ ಮೇಲಿಟ್ಟಳು. ಅದನ್ನು ನೋಡಿ ನನ್ನ ಕೈಲಿ ತಡೆಯಲಾಗಲಿಲ್ಲ.

"ಬಿಂದು, ಅವರಿಗೆ ಹೇಳವ್ವಾ. ಅವರ ತಾತ ಕುಡ್ದಿರ್ಲಿಲ್ಲ. ತಪ್ಪು ನಮ್ಮಪ್ಪಂದು. ಕಾಗ್ದ ಬಂದಾಗ್ಲೂ ನಂಗೆ ಗೊತ್ತಿತ್ತು."

ಬಿಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ತೆಪ್ಪದ ಕಥೆಯೆಲ್ಲ ನನ್ನಿಂದ ಕೇಳಿ ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಬೈಯಲಿ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನೀರು ನೋಡುತ್ತಾ ಮೆಲ್ಲಗೆ ಏನೋ ಅಂದಳು.

"ಏನಂದ್ರು, ಹೇಳೇ."

"ಅವರಪ್ಪ ಹೋದ್ ತಿಂಗ್ಳು ತೀರ್ಕೊಂಡ್ರಂತೆ ತಾತ. ನೀವು ಬರ್ಸಿದ್ದು ಓದಿ, ಹಂಗಾದ್ರೆ ನಮ್ಮಪ್ಪ ಕುಡ್ದಿದ್ದೇ ನಿಜ ಅಂದ್ರಂತೆ. ಆಮೇಲೆ ಆ ಮಾತೇ ಎತ್ಲಿಲ್ವಂತೆ."

ಕಲ್ಲಿನ ಮೇಲಿದ್ದ ಹೂವನ್ನು ತೆಗೆದು ನಾನೇ ನೀರಿಗೆ ಬಿಟ್ಟೆ.