ಐವತ್ತೆಂಟು ಕೆಜಿ ಮರಳು

"ಮೂತಿ ಎತ್ಕೊಂಡೇ ಓಯ್ತದೆ ಅತ್ತಿಗೆ ಇದು. ನೀರ್ ಕಚ್ಕತಾನೇ ಇಲ್ಲ," ಎಂದ ಮೈದುನ ಕಾಂತೇಶ.

ಅಂತರಸನಹಳ್ಳಿಯ ಕೆಳಗಿನ ಕೆರೆಯಲ್ಲಿ ಖಾಲಿ ದೋಣಿ ಗಿರಕಿ ಹೊಡೆಯುತ್ತಿತ್ತು. ಶಶಿರೇಖಾ ದಡದಲ್ಲಿ ನಿಂತು ರಿಮೋಟಿನ ಕಡ್ಡಿ ಒತ್ತಿ ಹಿಡಿದಿದ್ದಳು. ಬೆಳಿಗ್ಗೆ ಹೈವೇಯಲ್ಲಿ ಟ್ಯಾಂಕರ್ ಮಗುಚಿ ಡೀಸೆಲ್ ಮೋರಿಯಲ್ಲಿ ಹರಿದು ಕೆರೆಗಿಳಿದಿತ್ತು. ತೂಬು ದಾಟಿದರೆ ಗದ್ದೆ. ಅದಕ್ಕೆ ಮೊದಲು, ತೇಲುವ ಡೀಸೆಲ್ ತಡೆಯಲು, ತೆಂಗಿನ ನಾರಿನ ದಪ್ಪ ಹಗ್ಗವನ್ನು ಕೆರೆಗೆ ಅಡ್ಡ ಎಳೆಯಬೇಕಿತ್ತು.

ತೊಂಬತ್ತೊಂಬತ್ತರಲ್ಲಿ ಹೀಗೇ ಡೀಸೆಲ್ ಹರಿದಾಗ ಹಗ್ಗ ಎಳೆಯಲು ಇದೇ ದೋಣಿಯಲ್ಲಿ ಹೋದ ಅವಳ ಗಂಡ ಬಸವರಾಜ್, ವಾಸನೆಗೆ ತಲೆ ತಿರುಗಿ ನಡುನೀರಿನಲ್ಲಿ ಬಿದ್ದು ಮುಳುಗಿಹೋಗಿದ್ದ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಶಶಿರೇಖಾ ಆಮೇಲೆ ದೋಣಿಗೆ ಮೋಟಾರು, ಬ್ಯಾಟರಿ, ಆಟದ ವಿಮಾನದ ರಿಮೋಟು ಕೂರಿಸಿದ್ದಳು. ಮಾಡು ಎಂದು ಯಾರೂ ಹೇಳಿರಲಿಲ್ಲ.

ಕಾಂತೇಶ ಪ್ಯಾಂಟು ಮಡಚಿದ. "ಬುಡಿ, ನಾನೇ ಕೂತ್ಕತೀನಿ. ಹತ್ ನಿಮಿಷದ್ ಕೆಲ್ಸ."

ಅತ್ತೆ ನಿಂಗಮ್ಮ ಮಗನ ಶರಟು ಹಿಡಿದಳು. "ನಿಮ್ಮಣ್ಣನೂ ಅಂಗೇ ಅಂದಿದ್ದ ಕಣ್ಲಾ. ಆ ಹತ್ ನಿಮಿಷ ಇನ್ನೂ ಮುಗ್ದಿಲ್ಲ."

ಶಶಿರೇಖಾ ದೋಣಿಯನ್ನು ವಾಪಸು ತಂದಳು. ಮುಂದಿನ ಹಲಗೆಯ ಮೇಲೆ ಆಳು ಕೂತರೆ ಮಾತ್ರ ಸಮವಾಗುವ ದೋಣಿ ಅದು.

"ಅಲ್ಲಿ ಮರಳು ಇಡ್ಬೇಕು," ಎಂದಳು.

"ಎಷ್ಟು?"

"ಐವತ್ತೆಂಟು ಕೆಜಿ."

ಮದುವೆಯಾದ ಹೊಸತರಲ್ಲಿ ಬಸವರಾಜ್ ಹತ್ತಿ ನಿಂತಾಗ ತುಮಕೂರು ಸ್ಟೇಷನ್ನಿನ ತೂಕದ ಮಿಷನ್ನು ಉಗುಳಿದ ಚೀಟಿ ಅವಳ ಪರ್ಸಿನಲ್ಲಿತ್ತು. ಕಾಂತೇಶ ಅಮ್ಮನ ಮುಖ ನೋಡಿದ.

ಮರಳಿನ ಚೀಲವನ್ನು ಗುಜರಿ ಅಂಗಡಿಗೆ ಒಯ್ದು ತೂಗಿಸಿದರು. "ಮರಳೂ ಗುಜರಿಗೆ ಬಂತಾ ಕಾಂತಣ್ಣ?" ಎಂದು ಅಂಗಡಿಯ ನರಸಯ್ಯ ನಕ್ಕ. ಕಾಂತೇಶ ಚೀಲ ಹೊತ್ತು ದಡಕ್ಕೆ ತಂದ. ನಿಂಗಮ್ಮ ಚೀಲವನ್ನು ಹಲಗೆಯ ಮೇಲೆ ನೆಟ್ಟಗೆ ಕೂರಿಸಿ, ಹುರಿಹಗ್ಗದಿಂದ ಮೂರು ಸುತ್ತು ಬಿಗಿದಳು. "ಬೀಳ್ಬಾರ್ದು."

ದೋಣಿ ಈ ಸಲ ನೆಟ್ಟಗೆ ಹೋಯಿತು. ಹಿಂದೆ ನಾರಿನ ಹಗ್ಗ ಬಿಚ್ಚಿಕೊಳ್ಳುತ್ತಾ ಆಚೆ ದಡದವರೆಗೂ ಚಾಚಿತು. ಡೀಸೆಲ್ಲಿನ ಬಣ್ಣ ಬಣ್ಣದ ನೀರು ತೂಬಿನ ಕಡೆ ಹೋಗದೆ ಅದರ ಈಚೆಗೇ ನಿಂತಿತು. ಆಚೆ ದಡದಲ್ಲಿದ್ದವರು ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿ ಕೈ ಬೀಸಿದರು.

ದೋಣಿ ತಿರುಗಿ ಬಂತು. ನಿಂಗಮ್ಮ ಮೊಣಕಾಲುದ್ದದ ನೀರಿಗಿಳಿದು ಚೀಲದ ಮೇಲೆ ಕೈಯಾಡಿಸಿದಳು.

"ಒಣಗೇ ಐತೆ," ಎಂದಳು.

"ಸಾಕು ಅತ್ತಿಗೆ, ಬುಡಿ. ದಡಕ್ಕೆ ಬಂದದೆ," ಎಂದ ಕಾಂತೇಶ.

ಶಶಿರೇಖಾ ಕಡ್ಡಿ ಬಿಡಲಿಲ್ಲ. ದೋಣಿ ದಡದ ಕೆಸರಿಗೆ ಮೂತಿಯೊತ್ತಿ ಗುರುಗುಡುತ್ತಲೇ ಇತ್ತು.