ನಾಲ್ಕು ಹೆಗಲು

"ಅಕ್ಕಾ, ದಮ್ಮಯ್ಯ, ಅದನ್ನ ಕೆಳಗಿಡಿ!"

ಗ್ರೈಂಡರಿನ ಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲು ದಾಟುತ್ತಿದ್ದ ಪಾರ್ವತಮ್ಮ ಅಲ್ಲೇ ನಿಂತಳು. ಅವಳ ಬೆನ್ನಿಗೇ ಬೀರು ಹೊತ್ತು ಬರುತ್ತಿದ್ದ ಇಬ್ಬರು ಹೊಸ್ತಿಲಲ್ಲಿ ಸಿಕ್ಕಿಕೊಂಡು ಏದುಸಿರು ಬಿಡುತ್ತಿದ್ದರು. ಮನೆ ಸಾಮಾನು ಸಾಗಿಸಲು ಹಾಸನದಿಂದ ಬಂದಿದ್ದ ತಂಡದ ಮೇಸ್ತ್ರಿ ಸಿದ್ದು ಓಡಿ ಬಂದು ಕಲ್ಲನ್ನು ಇಸಿದುಕೊಂಡ.

"ಸಹಾಯ ಮಾಡ್ಬೇಕು ಅಂತಿದ್ರೆ ದಾರಿ ಬುಟ್ಟು ನಿಂತ್ಕಳಿ ಸಾಕು. ನಾಯಿ ಕಟ್ಟಾಕಿ. ಗಾಜಿನ್ ಸಾಮಾನು ಎಲ್ಲೈತೆ ಹೇಳಿ. ಹೊರೋದು ನಮ್ ಕೆಲ್ಸ ಕಣಕ್ಕಾ."

ಪಾರ್ವತಮ್ಮ ನಾಯಿಯನ್ನು ಕಟ್ಟಿ ಬಂದು ಗೋಡೆಗೆ ಒರಗಿದಳು. ಕಳೆದ ಮಳೆಗಾಲದಲ್ಲಿ ಹಿತ್ತಲ ಗುಡ್ಡ ಜರಿದು ಅಡುಗೆಮನೆಯ ಗೋಡೆಯವರೆಗೂ ಬಂದು ನಿಂತಿತ್ತು. ಈ ಸಲದ ಮಳೆ ಹಿಡಿಯುವ ಮುಂಚೆ ವನಗೂರು ಬಿಟ್ಟು ಬಾಳ್ಳುಪೇಟೆಯ ಬಾಡಿಗೆ ಮನೆ ಸೇರಬೇಕಿತ್ತು. ಗಂಡ ಮಹಾದೇವಯ್ಯ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದ. ಮನೆಯ ದಾರಿಯೂ ಅರ್ಧ ಕುಸಿದಿದ್ದರಿಂದ ಜೀಪು ಕೂಡ ಮೇಲೆ ಬರುತ್ತಿರಲಿಲ್ಲ. ಲಾರಿ ಕೆಳಗಿನ ತಿರುವಿನಾಚೆ ನಿಂತಿತ್ತು.

ಸುಮ್ಮನೆ ನಿಲ್ಲುವುದು ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ನೋಡುತ್ತ ನೋಡುತ್ತ ಮೈಮರೆತಳು. ಬಾಗಿಲಿಗಿಂತ ಅಗಲವಿದ್ದ ಬೀರು ಅವರ ಕೈಯಲ್ಲಿ ಒಂದು ಪಕ್ಕಕ್ಕೆ ವಾಲಿ, ಮೆಲ್ಲಗೆ ಹೊರಳಿ, ಸಾಧು ಹಸುವಿನ ಹಾಗೆ ಅಂಗಳಕ್ಕೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾಯಿಯ ಸಮೇತ ಇಡೀ ಸಂಸಾರ ಲಾರಿ ಸೇರಿತ್ತು.

ಉಳಿದದ್ದು ಒಳಕೋಣೆಯ ಮಂಚದಲ್ಲಿ ಅತ್ತೆ ಜಗದಾಂಬ. ಲಕ್ವ ಹೊಡೆದ ಮೇಲೆ ಅವರು ಆ ಕೋಣೆ ದಾಟಿರಲಿಲ್ಲ. ಸಂಜೆ ಬಂದು ಹೊತ್ತುಕೊಂಡು ಹೋಗುವುದಾಗಿ ಮಗ ಮಹಾದೇವಯ್ಯ ಹೇಳಿದ್ದ. ಸಿದ್ದು ಆಕಾಶ ನೋಡಿದ. ಪಡುವಣದಲ್ಲಿ ಮೋಡ ಕಪ್ಪಗಾಗುತ್ತಿತ್ತು.

"ಅಜ್ಜೀನೂ ನಾವೇ ಇಳಿಸ್ತೀವಿ."

"ಅದು ನಿಮ್ ಕೆಲ್ಸ ಅಲ್ವಲ್ಲಪ್ಪಾ."

"ಮಳೆ ಬಿದ್ರೆ ಈ ಮಣ್ಣಿನ್ ದಾರೀಲಿ ಯಾರ್ ಕೈಲೂ ಆಗಕ್ಕಿಲ್ಲ ಅಕ್ಕಾ."

ಲಾರಿಗೆ ಹಾಕದೆ ಉಳಿಸಿದ್ದ ಕೈಕುರ್ಚಿಯ ಎರಡೂ ಬದಿಗೆ ಬಿದಿರಿನ ಗಳ ಬಿಗಿದರು. ಸಿದ್ದು ಮುದುಕಿಯ ಕಂಕುಳಿಗೆ ಕೈ ಹಾಕಿದ್ದೇ ತಡ, ಅವರು ಚೀರಿದರು. ಪಾರ್ವತಮ್ಮ ಮುಂದೆ ನುಗ್ಗಿದಳು.

"ಅಲ್ಲಿ ಮುಟ್ಬ್ಯಾಡಿ, ಭುಜ ನೋವೈತೆ. ಬೆನ್ನಿನಡಿ ಒಂದ್ ಕೈ, ಮಂಡಿಯಡಿ ಒಂದು. ಅವರು ಉಸ್ರು ಬುಟ್ ಮ್ಯಾಲೆ ಎತ್ತಿ."

ಸಿದ್ದು ಹಾಗೆಯೇ ಮಾಡಿದ. ಜಗದಾಂಬ ಸದ್ದಿಲ್ಲದೆ ಕುರ್ಚಿಗೆ ಬಂದರು. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಈ ಮೈಯನ್ನು ತಾನೊಬ್ಬಳೇ ಎತ್ತಿದ್ದೆನಲ್ಲ ಎಂದು ಪಾರ್ವತಮ್ಮನಿಗೆ ಆಗಲೇ ಹೊಳೆದದ್ದು.

ಸಿದ್ದುವೂ ಸೇರಿ ನಾಲ್ವರು ಬಿದಿರಿಗೆ ಹೆಗಲು ಕೊಟ್ಟು ಎದ್ದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮುಖ ತಿರುಗಿಸಿಕೊಂಡಳು.

"ಯಾಕೇ ಮೊಕ ಸಣ್ಣ ಮಾಡ್ಕಂಡೆ?" ಅತ್ತೆ ನಕ್ಕರು. "ನಾಕ್ ಜನ ಹೊರೋದು ಒಂದೇ ಸಲ ಅನ್ಕಂಡಿದ್ದೆ. ನಂಗೆ ನೋಡು, ಎರಡ್ ಸಲ!"

ಗಂಡಸರೂ ನಕ್ಕರು. ಹೆಜ್ಜೆ ಮಾತ್ರ ಅಲುಗಲಿಲ್ಲ.

ಪಾರ್ವತಮ್ಮ ಬರಿಗೈಯಲ್ಲಿ ಹಿಂದೆ ನಡೆದಳು. ದಾರಿ ಕುಸಿದ ಜಾಗದಲ್ಲಿ ಒಬ್ಬ ಕಾಲಿಟ್ಟು ನೆಲ ಒತ್ತಿ ನೋಡುವವರೆಗೆ ಉಳಿದ ಮೂವರು ಕಲ್ಲಿನಂತೆ ನಿಲ್ಲುತ್ತಿದ್ದರು. ಅವನು "ಹೂಂ" ಎಂದರೆ ಮುಂದಿನವನ ಸರದಿ. ಕೆಳಗೆ ಪ್ರಪಾತ, ಜಾರುವ ಕೆಂಪು ಮಣ್ಣು. ನಡುವೆ ಕುರ್ಚಿ ಸ್ವಲ್ಪವೂ ವಾಲದೆ ತೇಲುತ್ತಿತ್ತು. ಆಚೆ ಮುಟ್ಟಿದ ಮೇಲೆಯೇ ಪಾರ್ವತಮ್ಮ ಉಸಿರುಬಿಟ್ಟದ್ದು.

ತಿರುವಿನಲ್ಲಿ ಜಗದಾಂಬ, "ನಿಲ್ಸ್ರಪ್ಪಾ" ಅಂದರು.

ಆಯಾಸವಾಯಿತೇನೋ ಎಂದು ಸಿದ್ದು ಇಳಿಸಲು ಬಗ್ಗಿದ.

"ಕೆಳಗಿಡ್ಬ್ಯಾಡ್ರೋ. ಇಟ್ರೆ ಕಾಣಕ್ಕಿಲ್ಲ."

ದಾರಿಯಂಚಿನ ಆಳೆತ್ತರದ ಕಾಫಿ ಗಿಡಗಳ ಆಚೆ ಕಣಿವೆ ತೆರೆದುಕೊಂಡಿತ್ತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು. ಮೋಡದ ನೆರಳು ಒಂದೊಂದನ್ನೇ ನುಂಗುತ್ತ ಬರುತ್ತಿತ್ತು. ದೂರದ ಒಂದೇ ನೆತ್ತಿಯ ಮೇಲೆ ಇನ್ನೂ ಬಿಸಿಲಿತ್ತು.

ಸಿದ್ದು ಕಣ್ಣಲ್ಲೇ ಏನೋ ಹೇಳಿದ. ನಾಲ್ವರೂ ಬಿದಿರನ್ನು ಹೆಗಲಿಂದ ಬಿಡಿಸಿ, ತೋಳು ಪೂರಾ ಚಾಚಿ, ಕುರ್ಚಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಅವರ ತೋಳುಗಳು ನಡುಗುತ್ತಿದ್ದವು. ಹೋಗೋಣವೆಂದು ಯಾರೂ ಅನ್ನಲಿಲ್ಲ.

ದಿನವೂ ಬಗ್ಗಿ ನೋಡುತ್ತಿದ್ದ ಮುಖವನ್ನು ಪಾರ್ವತಮ್ಮ ಕತ್ತೆತ್ತಿ ನೋಡಿದಳು. ಮಳೆಯ ಮೊದಲ ಹನಿ ಅತ್ತೆಯ ಹಣೆಯ ವಿಭೂತಿಯ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.